ಮುಂದಿನ ಆಕ್ಸಲ್ ಕಡೆಯಿಂದ ಸದ್ದು: ಸಿವಿ ಜಾಯಿಂಟಾ, ಕ್ರಾಸಾ, ಬೇರಿಂಗಾ?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ನನ್ನದು ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ. 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ), 4ಎಚ್ (ನಾಲ್ಕಕ್ಕೂ), 4ಎಲ್ (ನಾಲ್ಕಕ್ಕೂ, ನಿಧಾನದ ಗೇರಿನಲ್ಲಿ) ಇರುವ ಪಾರ್ಟ್ ಟೈಮ್ ಸಿಸ್ಟಮ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಎರಡೂ ಕಡೆ ಸಿವಿ ಜಾಯಿಂಟ್ ಶಾಫ್ಟ್ (ಬಾಗಿದ್ದಾಗಲೂ ಚಕ್ರಕ್ಕೆ ಬಲ ಕೊಡುವ ಕೀಲು ಇರುವ ಶಾಫ್ಟ್), ಚಕ್ರದ ಮಧ್ಯೆ ಕೈಯಲ್ಲಿ ತಿರುಗಿಸಿ ಹಾಕುವ ಲಾಕಿಂಗ್ ಹಬ್ (ಚಕ್ರವನ್ನು ಆ ಶಾಫ್ಟಿಗೆ ಸೇರಿಸುವ, ಬಿಡಿಸುವ ಭಾಗ). ಟೈರ್ 235/70 ಆರ್16. ಕೈಪಿಡಿ ಪ್ರಕಾರ ಡಿಫ್ (ಡಿಫರೆನ್ಶಿಯಲ್, ಎರಡು ಕಡೆಗೆ ಬಲ ಹಂಚಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ) ಅನುಪಾತ 4.1.

ನಿಧಾನಕ್ಕೆ ಹೋಗುವಾಗ ಮುಂದಿನಿಂದ "ಕೀಚ್ ಕೀಚ್" ಅಂತ ತಾಳಬದ್ಧವಾಗಿ ಸದ್ದು ಬರುತ್ತದೆ. ವೇಗ ಹೆಚ್ಚಿದರೆ ಸದ್ದೂ ಬೇಗ ಬೇಗ ಬರುತ್ತದೆ, ಆಮೇಲೆ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. 4ಎಚ್‌ನಲ್ಲಿ ಕ್ಲಚ್ ಬಿಡುವಾಗ ಕೆಳಗಿನಿಂದ ಒಂದು "ಟಕ್". 60 ದಾಟಿದ ಮೇಲೆ "ಗುಂಯ್" ಅನ್ನುವ ಗುನುಗು ಬೇರೆ. ಗ್ಯಾರೇಜಿನಲ್ಲಿ ಗಾಡಿ ಓಡಿಸಿ ನೋಡದೆಯೇ "ಎರಡೂ ಸಿವಿ ಶಾಫ್ಟ್ ಬದಲಾಯಿಸಿ" ಅಂದರು. ದೊಡ್ಡ ಖರ್ಚು. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು. ಹೇಗೆ ಹುಡುಕಲಿ?

ಎರಡನೇ ಗೇರ್:

ಗಾಡಿ ಎಷ್ಟು ಓಡಿದೆ? ಜಾಸ್ತಿ ಓಡಿದ್ದರೆ ಸಿವಿ ಹೋಗಿರುವ ಸಾಧ್ಯತೆ ಇದ್ದೇ ಇದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, 4ಎಚ್ ಹಾಕಿ, ಒಂದು ಸುತ್ತು ಹೊಡೆಯಿರಿ. "ಕಟ ಕಟ" ಅಂದರೆ ಸಿವಿ.

ಗ್ರೀಸ್ ಕೈ:

ಸ್ವಲ್ಪ ತಡೆಯಿರಿ. ಆ ಪರೀಕ್ಷೆಯನ್ನು ಟಾರು ಅಥವಾ ಕಾಂಕ್ರೀಟ್ ಮೇಲೆ ದಯವಿಟ್ಟು ಮಾಡಬೇಡಿ. ಪಾರ್ಟ್ ಟೈಮ್ ಸಿಸ್ಟಮ್‌ನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್ ನಡುವೆ ಡಿಫರೆನ್ಶಿಯಲ್ ಇಲ್ಲ. 4ಎಚ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕಾಗುತ್ತದೆ. ಮಣ್ಣಿನ ಮೇಲಾದರೆ ಟೈರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರುವುದಿಲ್ಲ. ಇಡೀ ಸಾಲು ಬಿಗಿದುಕೊಳ್ಳುತ್ತದೆ, ಟೈರ್ ಎಗರುತ್ತದೆ, ಎಲ್ಲೆಲ್ಲಿಂದಲೋ ಸದ್ದು ಬರುತ್ತದೆ. ಸರಿಯಿರುವ ಗಾಡಿಯಲ್ಲೂ ಬರುತ್ತದೆ. ಅದನ್ನು ಕೇಳಿ ಸಿವಿ ಹೋಗಿದೆ ಅಂದುಕೊಳ್ಳುವುದು ತಪ್ಪು.

ಮಣ್ಣುದಾರಿ ಸರ್, ನೀವು ಮೂರು ಸದ್ದು ಹೇಳಿದ್ದೀರಿ. ಮೂರಕ್ಕೂ ಒಂದೇ ಕಾರಣ ಇರಬೇಕು ಅಂತ ಇಲ್ಲ. ಬೇರೆ ಬೇರೆ ಹಿಡಿದು ನೋಡಿ. ನಿಮ್ಮ ಗಾಡಿಯಲ್ಲಿ ಹಬ್ ಕೈಯಲ್ಲಿ ಲಾಕ್ ಮಾಡುವಂಥದ್ದು. ಅದಕ್ಕಿಂತ ಒಳ್ಳೆಯ ಪರೀಕ್ಷಾ ಸಾಧನ ಇನ್ನೊಂದಿಲ್ಲ.

2ಎಚ್‌ನಲ್ಲೇ ಇಟ್ಟುಕೊಳ್ಳಿ. ಮೊದಲು ಎರಡೂ ಹಬ್ ಲಾಕ್ ಮಾಡಿ ಓಡಿಸಿ. ಆಗ ಚಕ್ರಗಳೇ ಸಿವಿ ಶಾಫ್ಟ್, ಡಿಫ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆಯಿಂದ ಡಿಫ್‌ಗೆ ಬರುವ ಉದ್ದನೆಯ ಶಾಫ್ಟ್), ಎಲ್ಲವನ್ನೂ ತಿರುಗಿಸುತ್ತವೆ. ಎಂಜಿನ್ ಭಾರ ಇರುವುದಿಲ್ಲ ಅಷ್ಟೆ. ಆಮೇಲೆ ಎರಡೂ ಹಬ್ ಫ್ರೀ ಮಾಡಿ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಓಡಿಸಿ. ಈಗ ಚಕ್ರ ಮಾತ್ರ ತಿರುಗುತ್ತದೆ, ಅದರ ಹಿಂದಿನದೆಲ್ಲ ನಿಂತಿರುತ್ತದೆ. ಸದ್ದು ನಿಂತರೆ ಶಾಫ್ಟುಗಳು ಮತ್ತು ಡಿಫ್ ಕಡೆ ನೋಡಬೇಕು. ಉಳಿದರೆ ವೀಲ್ ಬೇರಿಂಗ್, ಬ್ರೇಕ್, ಟೈರ್ ಕಡೆ.

ಹಬ್ ನಿಜವಾಗಿ ಫ್ರೀ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಮುಂದಿನ ಚಕ್ರ ಜಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು, ಕೈಯಲ್ಲಿ ತಿರುಗಿಸಿ. ಶಾಫ್ಟ್ ತಿರುಗಬಾರದು. ಡಯಲ್ ಫ್ರೀ ಅಂತ ತೋರಿಸುತ್ತಿದ್ದರೂ ಒಳಗೆ ಗ್ರೀಸ್ ಗಟ್ಟಿಯಾಗಿ ಅರ್ಧ ಹಿಡಿದುಕೊಂಡಿರುವ ಹಬ್ ಎಷ್ಟೋ ನೋಡಿದ್ದೇನೆ.

ಹಲ್ಲುಚಕ್ರ:

ಗ್ರೀಸ್ ಕೈ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸದ್ದು ತಾಳಬದ್ಧವಾಗಿದ್ದರೆ ಎಣಿಸಿ. ಯಾವ ಭಾಗ ಅನ್ನುವುದನ್ನು ಎಣಿಕೆಯೇ ಹೇಳುತ್ತದೆ.

235/70 ಆರ್16 ಟೈರಿನ ವ್ಯಾಸ ಸುಮಾರು 735 ಮಿಲಿಮೀಟರ್. ಸುತ್ತಳತೆ ಸುಮಾರು 2.3 ಮೀಟರ್. ಅಂದರೆ 10 ಮೀಟರ್ ಹೋಗುವಷ್ಟರಲ್ಲಿ ಚಕ್ರ ನಾಲ್ಕು ಸುತ್ತಿಗಿಂತ ಒಂಚೂರು ಜಾಸ್ತಿ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ 4.1 ಪಟ್ಟು, ಅಂದರೆ ಹದಿನೆಂಟರ ಹತ್ತಿರ.

ನೆಲದ ಮೇಲೆ 10 ಮೀಟರ್ ಅಳೆದು ಎರಡು ಕಡೆ ಗುರುತು ಹಾಕಿ. ಹಬ್ ಲಾಕ್ ಇರಲಿ, 2ಎಚ್ ಇರಲಿ. ನಡಿಗೆಯ ವೇಗದಲ್ಲಿ, ಕಿಟಕಿ ಇಳಿಸಿ ಹೋಗಿ. ಪಕ್ಕದಲ್ಲಿ ಒಬ್ಬರು ನಡೆಯುತ್ತಾ ಎಣಿಸಲಿ. ನಾಲ್ಕೈದು ಸಲ ಕೇಳಿಸಿದರೆ ಚಕ್ರದ ಜೊತೆ ತಿರುಗುವ ಭಾಗ: ಬ್ರೇಕ್ ಡಿಸ್ಕ್, ಹಬ್, ಸಿವಿ ಶಾಫ್ಟ್, ಕ್ರೌನ್ ವೀಲ್ (ಡಿಫ್ ಒಳಗಿನ ದೊಡ್ಡ ಹಲ್ಲುಚಕ್ರ). ಹದಿನೆಂಟರ ಆಸುಪಾಸು ಬಂದರೆ ಪ್ರೊಪೆಲ್ಲರ್ ಶಾಫ್ಟ್ ಅಥವಾ ಡಿಫ್ ಪಿನಿಯನ್ (ಕ್ರೌನ್ ವೀಲನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ). ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ, ಕೂಡು ಗುರುತಿನ ಆಕಾರದ ಕೀಲು) ಒಂದು ಸುತ್ತಿಗೆ ಎರಡು ಸಲ ಬಾಗುವುದರಿಂದ ಕೆಲವೊಮ್ಮೆ ಎಣಿಕೆ ದುಪ್ಪಟ್ಟಾಗಬಹುದು. ಆದರೆ ಚಕ್ರದ ಸದ್ದು, ಶಾಫ್ಟಿನ ಸದ್ದು ಇವುಗಳ ನಡುವಿನ ಅಂತರ ಎಷ್ಟು ದೊಡ್ಡದು ಅಂದರೆ ಗೊಂದಲ ಆಗುವುದೇ ಇಲ್ಲ.

ಬೇರೆ ಟೈರ್, ಬೇರೆ ಅನುಪಾತ ಇರುವವರು ತಮ್ಮ ಸಂಖ್ಯೆ ಹಾಕಿ ಲೆಕ್ಕ ಮಾಡಿಕೊಳ್ಳಿ.

ಹೊಸ ಚಾಲಕ:

ಒಂದು ಪ್ರಶ್ನೆ. ನನ್ನ ಗಾಡಿಯಲ್ಲಿ ಹಬ್ ತಿರುಗಿಸುವ ವ್ಯವಸ್ಥೆ ಇಲ್ಲ, ಎಲ್ಲ ತಾನಾಗಿಯೇ ಆಗುತ್ತದೆ. 2ಎಚ್‌ನಲ್ಲೇ ಹೋಗುವಾಗ ಒಂದೊಂದು ಸಲ ಮುಂದಿನ ಚಕ್ರದಿಂದ "ಟರ್ ರ್ ರ್" ಅಂತ ಹಲ್ಲು ಉಜ್ಜುವ ಸದ್ದು ಬರುತ್ತದೆ. ಇದೂ ಸಿವಿನಾ?

ಗ್ರೀಸ್ ಕೈ:

ಸಿವಿ ಹಾಗೆ ಸದ್ದು ಮಾಡುವುದಿಲ್ಲ. ತಾನಾಗಿ ಹಿಡಿಯುವ ಹಬ್‌ನಲ್ಲಿ ಹಲ್ಲುಗಳು ಪೂರ್ತಿ ಸೇರದೆ, ಪೂರ್ತಿ ಬಿಡದೆ ನಡುವೆ ನಿಂತರೆ ಇದೇ ಸದ್ದು. ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಹಬ್ ಆದರೆ ಮೊದಲು ರಬ್ಬರ್ ಪೈಪುಗಳನ್ನು ನೋಡಿ. ಸಣ್ಣ ಬಿರುಕು ಸಾಕು, ವ್ಯಾಕ್ಯೂಮ್ ಸೋರಿ ಹಬ್ ಅರ್ಧಕ್ಕೆ ನಿಲ್ಲುತ್ತದೆ. ಹಾಗೇ ಓಡಿಸುತ್ತಾ ಹೋದರೆ ಹಲ್ಲಿನ ಅಂಚು ಸವೆದು ಹಬ್ಬೇ ಹೋಗುತ್ತದೆ, ಬೇಗ ತೋರಿಸಿ.

ಮಣ್ಣುದಾರಿ:

ಎರಡೂ ಪರೀಕ್ಷೆ ಮಾಡಿದೆ. ಫಲಿತಾಂಶ ಸ್ಪಷ್ಟವಾಗಿದೆ.

ಹಬ್ ಲಾಕ್ ಮಾಡಿದಾಗ ಕೀಚ್ ಕೀಚ್ ಇದೆ. ಫ್ರೀ ಮಾಡಿದರೆ ಪೂರ್ತಿ ಮಾಯ. ಗುನುಗು ಮಾತ್ರ ಎರಡರಲ್ಲೂ ಹಾಗೇ ಇದೆ, ಒಂದಿಷ್ಟೂ ಬದಲಾಗಿಲ್ಲ. 10 ಮೀಟರ್ ಎಣಿಕೆಯಲ್ಲಿ ನನ್ನ ತಮ್ಮ ಹದಿನೇಳು ಅಂದ, ಮತ್ತೆ ಹೋದಾಗ ಹದಿನೆಂಟು ಅಂದ. ನೇರಕ್ಕೆ ಹೋದರೂ ತಿರುಗಿಸಿದರೂ ಕೀಚ್ ಒಂದೇ ಥರ.

ಸಿವಿ ಬೂಟ್ (ಜಾಯಿಂಟ್ ಮುಚ್ಚುವ ರಬ್ಬರ್ ಚೀಲ) ನಾಲ್ಕೂ ಕೈ ಹಾಕಿ ನೋಡಿದೆ. ಮಡಿಕೆಗಳನ್ನು ಬಿಡಿಸಿ ನೋಡಿದರೂ ಸೀಳಿಲ್ಲ, ಗ್ರೀಸ್ ಹೊರಗೆ ಚಿಮ್ಮಿಲ್ಲ.

ಹಲ್ಲುಚಕ್ರ:

ಹಾಗಾದರೆ ಕೀಚ್ ಸದ್ದು ಶಾಫ್ಟಿನ ವೇಗದ್ದು. ಸಿವಿ ಚಕ್ರದ ವೇಗದಲ್ಲಿ ತಿರುಗುತ್ತದೆ. ಎಣಿಕೆಯೇ ಅದನ್ನು ಪಟ್ಟಿಯಿಂದ ತೆಗೆದುಹಾಕಿತು.

ಗುನುಗಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಟೈರ್ ಅಥವಾ ವೀಲ್ ಬೇರಿಂಗ್.

ಎರಡನೇ ಗೇರ್:

ಎಣಿಕೆ ವಿಷಯ ಒಪ್ಪುತ್ತೇನೆ, ಒಳ್ಳೆಯ ಉಪಾಯ. ಆದರೂ ಇಷ್ಟು ಹಳೆಯ ಗಾಡಿ. ಹೇಗಿದ್ದರೂ ಬಿಚ್ಚುತ್ತೀರಿ, ಒಟ್ಟಿಗೆ ಸಿವಿ ಶಾಫ್ಟ್ ಹೊಸದು ಹಾಕಿಸಿಕೊಂಡರೆ ಮುಂದೆ ಚಿಂತೆ ಇರಲ್ಲ ಅಲ್ವಾ?

ಗ್ರೀಸ್ ಕೈ:

ನಾನು ಹಾಗೆ ಮಾಡಿಸಲಾರೆ. ಬೂಟ್ ಹರಿಯದೆ, ಒಳಗಿನ ಗ್ರೀಸ್ ಸರಿಯಿದ್ದರೆ ಗಾಡಿಯ ಜೊತೆ ಬಂದ ಸಿವಿ ತುಂಬಾ ಕಾಲ ಬಾಳುತ್ತದೆ. ಅದನ್ನು ಕಿತ್ತು ಅಗ್ಗದ ಶಾಫ್ಟ್ ಹಾಕಿದರೆ ಎಷ್ಟೋ ಸಲ ಮೊದಲಿಗಿಂತ ಕೆಟ್ಟದನ್ನೇ ಹಾಕಿದಂತೆ. ಸದ್ದಿಲ್ಲದ ಭಾಗವನ್ನು ಸುಮ್ನೆ ಬಿಚ್ಚಬಾರದು.

ಸಿವಿ ನಿಜವಾಗಿ ಹೋದಾಗ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಚಕ್ರದ ಕಡೆಯ ಜಾಯಿಂಟ್ ಆದರೆ ಸ್ಟೇರಿಂಗ್ ತಿರುಗಿಸಿ ಭಾರ ಕೊಟ್ಟಾಗ "ಕಟ ಕಟ" ಅನ್ನುತ್ತದೆ. ಮಣ್ಣಿನ ಮೇಲೆ ಎಡಕ್ಕೂ ಬಲಕ್ಕೂ, ಮುಂದಕ್ಕೂ ರಿವರ್ಸ್‌ಗೂ ನೋಡಬೇಕು. ಡಿಫ್ ಕಡೆಯ ಜಾಯಿಂಟ್ ಆದರೆ ನೇರ ದಾರಿಯಲ್ಲೇ ವೇಗ ಏರಿಸುವಾಗ ನಡುಕ, ಮುಂದೆ-ಹಿಂದೆ ಗೇರ್ ಬದಲಿಸುವಾಗ ಒಂದು ಬಡಿತ. ನಿಮ್ಮದರಲ್ಲಿ ಇದ್ಯಾವುದೂ ಇಲ್ಲ, 4ಎಚ್‌ನ ಆ "ಟಕ್" ಒಂದನ್ನು ಬಿಟ್ಟು. ಅದಕ್ಕೆ ಬೇರೆ ಕಾರಣ ಸಿಗುತ್ತದೆ ಅಂತ ನನ್ನ ನಂಬಿಕೆ.

ಈಗ ಗಾಡಿ ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಹಬ್ ಫ್ರೀ, ಟ್ರಾನ್ಸ್‌ಫರ್ 2ಎಚ್. ಕೆಳಗೆ ಹೋಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಮೂರು ಕೆಲಸ ಮಾಡಿ. ಕ್ರಾಸ್ ಪಕ್ಕದಲ್ಲಿ ಹಿಡಿದು ಮೇಲೆ-ಕೆಳಗೆ ಅಲುಗಾಡಿಸಿ. ಅಲ್ಲಿ ಕೂದಲೆಳೆಯಷ್ಟೂ ಆಟ (ಸಡಿಲ) ಇರಬಾರದು. ಆಮೇಲೆ ಶಾಫ್ಟನ್ನು ಸ್ವಲ್ಪ ಸ್ವಲ್ಪ ಎರಡೂ ಕಡೆಗೆ ತಿರುಗಿಸಿ, ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ಮತ್ತು ಕ್ರಾಸ್ ನಡುವೆ ಆಟ ಇದೆಯಾ ಅಂತ ನೋಡಿ. ಡಿಫ್ ಒಳಗಿನ ಹಲ್ಲುಗಳ ಆಟ ಬೇರೆ, ಅದು ಸ್ವಲ್ಪ ಇದ್ದೇ ಇರುತ್ತದೆ. ಕೊನೆಗೆ ಟಾರ್ಚ್ ಹಿಡಿದು ಕ್ರಾಸಿನ ನಾಲ್ಕೂ ಕಪ್ಪುಗಳ (ತುದಿಯ ಬೇರಿಂಗ್ ಮುಚ್ಚಳಗಳ) ಅಂಚು ನೋಡಿ. ಕೆಂಪು ಕಂದು ಬಣ್ಣದ ನುಣ್ಣನೆ ಪುಡಿ ಕಂಡರೆ ಮುಗಿಯಿತು, ಒಳಗೆ ಗ್ರೀಸ್ ಇಲ್ಲ, ಸೂಜಿ ರೋಲರುಗಳು ತುಕ್ಕು ಹಿಡಿದು ಪುಡಿಯಾಗುತ್ತಿವೆ.

ಮಣ್ಣುದಾರಿ:

ಕೆಂಪು ಪುಡಿ ಇದೆ!

ಡಿಫ್ ಕಡೆಯ ಕ್ರಾಸಿನಲ್ಲಿ ಒಂದೇ ಒಂದು ಕಪ್ಪಿನ ಸುತ್ತ. ಬೆರಳಿಗೆ ಅಂಟಿಕೊಂಡಿತು. ಉಳಿದ ಮೂರರ ಅಂಚಿನಲ್ಲಿ ಹಳೆಯ ಗ್ರೀಸ್ ಕಪ್ಪಗೆ ಒದ್ದೆಯಾಗಿದೆ. ಟ್ರಾನ್ಸ್‌ಫರ್ ಕೇಸ್ ಕಡೆಯ ಕ್ರಾಸ್ ಬಿಗಿಯಾಗಿದೆ. ಆದರೆ ಶಾಫ್ಟ್ ಉದ್ದಕ್ಕೆ ಜಾರುವ ಸ್ಪ್ಲೈನ್ ಜಾಗದಲ್ಲಿ ಗ್ರೀಸ್ ಪೂರ್ತಿ ಒಣಗಿದೆ.

ಒಂದು ಅನುಮಾನ. ನಾನು ಯಾವಾಗಲೂ ಹಬ್ ಫ್ರೀ ಇಟ್ಟೇ ಓಡಿಸುತ್ತೇನೆ. ತಿರುಗದ ಶಾಫ್ಟಿನ ಕ್ರಾಸ್ ಹೇಗೆ ಹೋಯಿತು?

ಹಲ್ಲುಚಕ್ರ:

ತಿರುಗದೆ ಇದ್ದದ್ದೂ ಒಂದು ಕಾರಣ. ಸೂಜಿ ರೋಲರುಗಳು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತವೆ. ಗಾಡಿ ಓಡುವಾಗಿನ ನಡುಕ ಮಾತ್ರ ಅವುಗಳಿಗೆ ತಾಗುತ್ತಲೇ ಇರುತ್ತದೆ. ರೋಲರ್ ಕೂತ ಜಾಗದಿಂದ ಗ್ರೀಸ್ ಸರಿದುಹೋಗುತ್ತದೆ, ಲೋಹಕ್ಕೆ ಲೋಹ ತಾಗಿ ಸಣ್ಣ ಸಣ್ಣ ಗೆರೆಯಂಥ ಗುಳಿ ಬೀಳುತ್ತದೆ. ಅದರ ಮೇಲೆ ನೀರು ಸೇರಿದರೆ ತುಕ್ಕು. ಹೊಳೆ ದಾಟುವ ಗಾಡಿಗಳಲ್ಲಿ ಇದು ಇನ್ನೂ ಬೇಗ.

ತಿಂಗಳಿಗೊಮ್ಮೆ ಸ್ವಲ್ಪ ದೂರ ಹಬ್ ಲಾಕ್ ಮಾಡಿ ಓಡಿಸಿ ಅಂತ ಹೇಳುವುದು ಇದಕ್ಕೇ. ಡಿಫ್ ಒಳಗಿನ ಎಣ್ಣೆಯೂ ಮೇಲಿನ ಹಲ್ಲು, ಬೇರಿಂಗ್, ಸೀಲ್‌ಗಳಿಗೆ ತಲುಪುತ್ತದೆ. 2ಎಚ್‌ನಲ್ಲೇ ಹಬ್ ಲಾಕ್ ಮಾಡಿದರೆ ಸಾಕು. ಟಾರು ರಸ್ತೆಯಲ್ಲೂ ತೊಂದರೆ ಇಲ್ಲ.

ಗ್ರೀಸ್ ಕೈ:

ಆ ಒಣ ಸ್ಪ್ಲೈನೇ ನಿಮ್ಮ "ಟಕ್". ಭಾರ ಬಿದ್ದಾಗ ಅಂಟಿಕೊಂಡು, ತಟ್ಟನೆ ಜಾರುತ್ತದೆ. ಕ್ರಾಸಿನ ಆಟವೂ ಅದಕ್ಕೆ ಸೇರಿಕೊಂಡಿದೆ.

ಖಚಿತ ಮಾಡಿಕೊಳ್ಳಲು ಶಾಫ್ಟ್ ಇಳಿಸಿ. ಎರಡೂ ಕಡೆ ಫ್ಲ್ಯಾಂಜ್ ಬೋಲ್ಟ್ ಅಷ್ಟೆ. ಆದರೆ ಬಿಚ್ಚುವ ಮೊದಲು ಪೇಂಟಿನಿಂದ ಗುರುತು ಹಾಕಿ: ಫ್ಲ್ಯಾಂಜಿಗೂ ಯೋಕಿಗೂ, ಸ್ಪ್ಲೈನಿನ ಎರಡೂ ಭಾಗಕ್ಕೂ. ಮತ್ತೆ ಜೋಡಿಸುವಾಗ ಸ್ಪ್ಲೈನ್ ಒಂದೆರಡು ಹಲ್ಲು ಪಕ್ಕಕ್ಕೆ ಕೂತರೆ ಎರಡು ಕೊನೆಯ ಯೋಕ್‌ಗಳ ಹೊಂದಾಣಿಕೆ ತಪ್ಪುತ್ತದೆ. ಆಮೇಲೆ ಬರುವ ನಡುಕಕ್ಕೆ ಕಾರಣ ಹುಡುಕುತ್ತಾ ಡಿಫ್ ಬಿಚ್ಚುವ ಹಂತಕ್ಕೆ ಹೋಗುವವರಿದ್ದಾರೆ.

ಶಾಫ್ಟ್ ಇಳಿಸಿ, ಹಬ್ ಲಾಕ್ ಮಾಡಿ, 2ಎಚ್‌ನಲ್ಲಿ ಓಡಿಸಿ. ಆಗಲೂ ಸಿವಿ ಮತ್ತು ಪಿನಿಯನ್ ತಿರುಗುತ್ತಿರುತ್ತವೆ. ಕೀಚ್ ಇಲ್ಲದಿದ್ದರೆ ಅವೆರಡೂ ತಪ್ಪಿತಸ್ಥರಲ್ಲ. ಶಾಫ್ಟ್ ಅಥವಾ ಟ್ರಾನ್ಸ್‌ಫರ್ ಕೇಸಿನ ಮುಂದಿನ ಔಟ್‌ಪುಟ್ ಬೇರಿಂಗ್, ಎರಡರಲ್ಲಿ ಒಂದು. ಕೆಂಪು ಪುಡಿ ಆಗಲೇ ಯಾವುದು ಅಂತ ಹೇಳಿಬಿಟ್ಟಿದೆ. ಒಂದು ಎಚ್ಚರಿಕೆ: ಇದು ಪಾರ್ಟ್ ಟೈಮ್ ಗಾಡಿಗೆ ಮಾತ್ರ. ಫುಲ್ ಟೈಮ್ ಸಿಸ್ಟಮ್‌ನಲ್ಲಿ ಮುಂದಿನ ಶಾಫ್ಟ್ ತೆಗೆದರೆ ಸೆಂಟರ್ ಡಿಫ್ ಲಾಕ್ ಮಾಡದೆ ಗಾಡಿ ಮುಂದಕ್ಕೇ ಹೋಗುವುದಿಲ್ಲ.

ಕೆಸರುಗಾಲಿ:

ನನ್ನದು ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್) ಇರುವ ಹಳೆಯ ಗಾಡಿ. ಮುಂದಿನ ಡಿಫ್‌ನಿಂದ "ವೂಂ" ಅಂತ ಬರುತ್ತದೆ, ಹಬ್ ಲಾಕ್ ಮಾಡಿದಾಗ ಮಾತ್ರ. ಇದೇ ದಾರಿಯಲ್ಲಿ ಹುಡುಕಬಹುದಾ?

ಹಲ್ಲುಚಕ್ರ:

ಹುಡುಕಬಹುದು. ಆದರೆ ಮೊದಲು ಎಣ್ಣೆ ನೋಡಿ. ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿಕೊಂಡು, ಅದು ಬರುತ್ತದೆ ಅಂತ ಖಾತ್ರಿ ಆದ ಮೇಲೆಯೇ ಕೆಳಗಿನದನ್ನು ಬಿಚ್ಚಿ. ಎಣ್ಣೆ ಹಾಲು ಬೆರೆಸಿದ ಹಾಗೆ ಇದ್ದರೆ ನೀರು ಹೋಗಿದೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿ ಆಡುವ ರಂಧ್ರ) ಮುಚ್ಚಿಹೋಗಿದ್ದರೆ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಆಯಸ್ಕಾಂತದ ಬೋಲ್ಟ್ ಮೇಲೆ ನುಣ್ಣನೆ ಬೂದು ಪೇಸ್ಟ್ ಇರುವುದು ಸಹಜ. ಚೂರು, ಚಕ್ಕೆ ಸಿಕ್ಕರೆ ಡಿಫ್ ಬಿಚ್ಚಲೇಬೇಕು.

ಎಣ್ಣೆ ಸರಿಯಿದ್ದರೆ ಮಣ್ಣಿನ ದಾರಿಯಲ್ಲಿ 4ಎಚ್ ಹಾಕಿ, ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಸದ್ದು ಬದಲಾಗುತ್ತದಾ ಕೇಳಿ. ಒಂದರಲ್ಲಿ ಮಾತ್ರ ಇದ್ದರೆ ಕ್ರೌನ್-ಪಿನಿಯನ್ ಹಲ್ಲಿನ ಹೊಂದಾಣಿಕೆ ಮೇಲೆ ಅನುಮಾನ. ಎರಡರಲ್ಲೂ ಒರಟಾಗಿ ಇದ್ದರೆ ಬೇರಿಂಗ್. ಸಾಲಿಡ್ ಆಕ್ಸಲ್ ಅಂದಿರಿ, ಚಕ್ರದ ಕಡೆ ಮುಚ್ಚಿದ ಗೋಳದೊಳಗೆ ಜಾಯಿಂಟ್ ಇರುವ ಮಾದರಿ ಆದರೆ ಅಲ್ಲಿ ಎಣ್ಣೆ ಸೋರುತ್ತಿದೆಯಾ ಅಂತಲೂ ನೋಡಿ. ಒಳಗಿನ ಆಕ್ಸಲ್ ಸೀಲ್ ಹೋದರೆ ಡಿಫ್ ಎಣ್ಣೆ ಗೋಳಕ್ಕೆ ಬಂದು ಗ್ರೀಸನ್ನು ತೆಳ್ಳಗೆ ಮಾಡುತ್ತದೆ. ಡಿಫ್‌ನಲ್ಲಿ ಎಣ್ಣೆ ಕಮ್ಮಿ, ಜಾಯಿಂಟಿನಲ್ಲಿ ಗ್ರೀಸ್ ಇಲ್ಲ, ಎರಡೂ ಕಡೆ ನಷ್ಟ.

ಮಣ್ಣುದಾರಿ:

ಶಾಫ್ಟ್ ಇಳಿಸಿ ಓಡಿಸಿದೆ. ಕೀಚ್ ಇಲ್ಲವೇ ಇಲ್ಲ. ಕೈಯಲ್ಲಿ ಹಿಡಿದು ಕ್ರಾಸ್ ಬಾಗಿಸಿದರೆ ಒಂದು ದಿಕ್ಕಿಗೆ ನುಣ್ಣಗೆ ಬರುತ್ತದೆ, ಇನ್ನೊಂದು ದಿಕ್ಕಿಗೆ ನಡುವೆ ತಡೆದು "ಕರ್" ಅನ್ನುತ್ತದೆ. ಕಪ್ಪು ತೆಗೆದಾಗ ಸೂಜಿಗಳ ಬದಲು ಅರ್ಧ ಪುಡಿಯೇ ಉದುರಿತು.

ಇನ್ನು ಗುನುಗು. ಮುಂದಿನ ಟೈರ್ ಹಿಂದಕ್ಕೆ ಹಾಕಿ ನೋಡಿದೆ, ಸದ್ದು ಮುಂದೆಯೇ ಉಳಿಯಿತು. ಉದ್ದನೆಯ ಬಲ ತಿರುವಿನಲ್ಲಿ ಜೋರಾಗುತ್ತದೆ, ಎಡ ತಿರುವಿನಲ್ಲಿ ಕಮ್ಮಿ.

ಗ್ರೀಸ್ ಕೈ:

ಬಲಕ್ಕೆ ತಿರುಗಿದಾಗ ಭಾರ ಎಡಕ್ಕೆ ಬೀಳುತ್ತದೆ. ಎಡ ಮುಂದಿನ ಬೇರಿಂಗ್. ಚಕ್ರ ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಆಟ ನಿಂತರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಎರಡು ಪಕ್ಕದಲ್ಲಿ ಹಿಡಿದಾಗ ಮಾತ್ರ ಅಲುಗಾಡಿದರೆ ಟೈ ರಾಡ್.

ಹಬ್ ಬಿಚ್ಚುತ್ತೀರಲ್ಲ, ಸ್ಪಿಂಡಲ್ (ಹಬ್ ಕೂರುವ, ತಿರುಗದ ಟೊಳ್ಳು ದಂಡ) ಒಳಗಿನ ಬುಷ್ ಅಥವಾ ಸೂಜಿ ಬೇರಿಂಗಿಗೂ ಗ್ರೀಸ್ ಹಾಕಿ. ಹಬ್ ಲಾಕ್ ಮಾಡಿದಾಗ ಮಾತ್ರ ಶಾಫ್ಟ್ ಸ್ಪಿಂಡಲ್ ಒಳಗೆ ತಿರುಗುವುದರಿಂದ, ಅದು ಒಣಗಿದರೆ ಹಬ್ ಲಾಕ್ ಇದ್ದಾಗಲೇ ಸದ್ದು, ಫ್ರೀ ಮಾಡಿದರೆ ಮೌನ. ಎಲ್ಲರೂ ಮರೆಯುವ ಜಾಗ ಅದು. ಟೇಪರ್ ಬೇರಿಂಗ್ ಆದರೆ ರೋಲರ್ ಮಾತ್ರ ಬದಲಿಸಬೇಡಿ, ಹೊರಗಿನ ರೇಸನ್ನೂ (ರೋಲರ್ ಓಡುವ ಉಂಗುರ) ಜೊತೆಗೇ ಬದಲಿಸಿ.

ಎರಡನೇ ಗೇರ್:

ಹೊಸ ಕ್ರಾಸಿಗೆ ಗ್ರೀಸ್ ಎಷ್ಟು ಹೊಡೆಯಬೇಕು? ಗನ್ ಎರಡು ಸಲ ಒತ್ತಿದರೆ ಸಾಕಾ?

ಗ್ರೀಸ್ ಕೈ:

ಎಷ್ಟು ಸಲ ಅಂತ ಲೆಕ್ಕ ಬೇಡ. ನಾಲ್ಕೂ ಕಪ್ಪುಗಳ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ. ಒಂದು ಕಪ್ಪಿನಿಂದ ಬರದಿದ್ದರೆ ಶಾಫ್ಟನ್ನು ಆ ಕಡೆ ಈ ಕಡೆ ಅಲುಗಾಡಿಸಿ ಮತ್ತೆ ಹೊಡೆಯಿರಿ. ಮಣ್ಣುದಾರಿ ಅವರ ಕ್ರಾಸಿನಲ್ಲಿ ಹೋದದ್ದು ಅಂಥ ಒಂದೇ ಕಪ್ಪು. ಸ್ಪ್ಲೈನಿಗೆ ಮಾತ್ರ ಅತಿ ಮಾಡಬೇಡಿ. ಪೂರ್ತಿ ತುಂಬಿದರೆ ಶಾಫ್ಟ್ ಒಳಕ್ಕೆ ಜಾರಲು ಜಾಗ ಇರುವುದಿಲ್ಲ, ಸಸ್ಪೆನ್ಷನ್ ಮೇಲೆದ್ದಾಗ ಆ ಒತ್ತಡ ಟ್ರಾನ್ಸ್‌ಫರ್ ಕೇಸ್ ಬೇರಿಂಗಿಗೆ ಹೋಗುತ್ತದೆ.

ಮಣ್ಣುದಾರಿ:

ಕೆಲಸ ಮುಗಿಯಿತು. ಎಡ ಚಕ್ರದಲ್ಲಿ ಮೇಲೆ-ಕೆಳಗೆ ಆಟ ಇತ್ತು, ಬ್ರೇಕ್ ಒತ್ತಿದಾಗ ನಿಂತಿತು. ಬಿಚ್ಚಿದಾಗ ರೇಸಿನ ಒಂದು ಕಡೆ ಸಣ್ಣ ಗುಳಿಗಳು ಸಾಲಾಗಿ ಇದ್ದವು. ಹೊಸ ಬೇರಿಂಗ್, ಹೊಸ ಕ್ರಾಸ್ ಹಾಕಿ, ಸ್ಪ್ಲೈನನ್ನು ಗುರುತಿಗೆ ಸರಿಯಾಗಿ ಕೂರಿಸಿದ್ದೇನೆ. ಈಗ ಹಬ್ ಲಾಕ್ ಮಾಡಿದರೂ ಸದ್ದಿಲ್ಲ, 80ರಲ್ಲೂ ಗುನುಗಿಲ್ಲ. ಮಣ್ಣಿನಲ್ಲಿ 4ಎಚ್ ಹಾಕಿದರೆ "ಟಕ್" ಇಲ್ಲ. ಸಿವಿ ಶಾಫ್ಟ್ ಎರಡೂ ಹಳೆಯವೇ ಇವೆ. ಎಲ್ಲರಿಗೂ ತುಂಬಾ ಧನ್ಯವಾದ.

ಗ್ರೀಸ್ ಕೈ:

ಕೇಳಿ ಸಂತೋಷವಾಯಿತು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆ ಚಕ್ರ ಮತ್ತೆ ಎತ್ತಿ ಆಟ ನೋಡಿ. ಹೊಸ ಟೇಪರ್ ಬೇರಿಂಗ್ ಕೂತ ಮೇಲೆ ಸ್ವಲ್ಪ ಸಡಿಲ ಆಗಬಹುದು. ಫ್ಲ್ಯಾಂಜ್ ಬೋಲ್ಟ್‌ಗಳನ್ನೂ ಅದೇ ದಿನ ಟಾರ್ಕ್ ವ್ರೆಂಚ್ ಹಾಕಿ ನೋಡಿಬಿಡಿ.